ಮೀನು ಏಲಂ ಲೆಕ್ಕದ ಸಾಫ್ಟ್‌ವೇರ್ ಒಳಗೆ ಕೂರಿಸಲಿಕ್ಕೆ ಒಂದು ಪುಟ್ಟ ಸ್ಕ್ರಿಪ್ಟ್ ಭಾಷೆ: ಸಲಹೆ ಕೊಡಿ ಮಾರಾಯ್ರೆ

ಬಂದರ್ ಬೈಟು (ಮಲ್ಪೆ)

ಎಲ್ಲರಿಗೂ ನಮಸ್ಕಾರ. ಬಂದರಿನ ಕೆಲವು ಕಮಿಷನ್ ಏಜೆಂಟರಿಗೆ ಏಲಂ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೇನೆ. ಸಿ ಪ್ಲಸ್ ಪ್ಲಸ್‌ನಲ್ಲಿ ಉಂಟು. ತೊಂದರೆ ಎಂತ ಅಂದ್ರೆ, ಒಬ್ಬೊಬ್ಬರ ಲೆಕ್ಕ ಒಂದೊಂದು ತರ. ಒಬ್ಬರು ಐಸಿಗೆ ಅಂತ ತೂಕ ಕಳೆಯುತ್ತಾರೆ. ಇನ್ನೊಬ್ಬರು ಕ್ರೇಟಿಗೆ ಇಷ್ಟು ಅಂತ ಹಿಡಿಯುತ್ತಾರೆ. ಅಂಜಲ್ ಮೀನಿಗೆ ಒಂದು ಕಮಿಷನ್, ಬೂತಾಯಿ ಮೀನಿಗೆ ಬೇರೆಯೇ. ಪ್ರತಿ ಬದಲಾವಣೆಗೂ ನಾನೇ ಕೋಡ್ ತಿದ್ದಿ, ಕಂಪೈಲ್ ಮಾಡಿ, ಪೆನ್‌ಡ್ರೈವ್ ಹಿಡಿದುಕೊಂಡು ಹೋಗಬೇಕು.

ಈಗ ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆ ನಿಷೇಧ, 61 ದಿನ ಯಾಂತ್ರಿಕ ಬೋಟ್ ಕಡಲಿಗೆ ಇಳಿಯುವುದಿಲ್ಲ. ನನಗೂ ಫೋನ್ ಬರುವುದಿಲ್ಲ. ಈ ಬಿಡುವಿನಲ್ಲಿ ಒಂದು ಚಿಕ್ಕ ಸ್ಕ್ರಿಪ್ಟ್ ಭಾಷೆ ಬರೆಯುತ್ತಿದ್ದೇನೆ. ಲೆಕ್ಕದ ನಿಯಮ ಅದರಲ್ಲಿ ಇರಬೇಕು, ಉಳಿದದ್ದೆಲ್ಲ ಸಿ ಪ್ಲಸ್ ಪ್ಲಸ್‌ನಲ್ಲೇ ಇರಬೇಕು. ಸದ್ಯಕ್ಕೆ ಹೀಗೆ ಕಾಣುತ್ತದೆ (ಅಂಕಿಗಳು ಸುಮ್ನೆ ಉದಾಹರಣೆಗೆ):

ಕೆಲಸ ಕಮಿಷನ್(ತೂಕ, ದರ)
    ಒಟ್ಟು = ತೂಕ * ದರ
    ಒಟ್ಟು > 50000 ಇದ್ದರೆ
        ಒಟ್ಟು * 4 / 100 ಕೊಡು
    ಮುಗೀತು
    ಒಟ್ಟು * 5 / 100 ಕೊಡು
ಮುಗೀತು

ಪಠ್ಯವನ್ನು ಪದ, ಚಿಹ್ನೆ ಅಂತ ಟೋಕನ್ ಒಡೆಯುವ ಭಾಗ ಆಗಿದೆ, ಅವುಗಳಿಂದ ವಾಕ್ಯದ ರಚನೆ ಗುರುತಿಸುವ ಪಾರ್ಸರ್ ಅರ್ಧ ಆಗಿದೆ. ವೇರಿಯಬಲ್‌ಗೆ ಟೈಪ್ ಹೇಳುವ ಹಾಗಿಲ್ಲ. ಸಂಖ್ಯೆಯೋ, ಪಠ್ಯವೋ, ಪಟ್ಟಿಯೋ, ಅದು ಓಡುವಾಗಲೇ ಗೊತ್ತಾಗಬೇಕು. ಈಗ ಪ್ರಶ್ನೆ: ಸ್ಕ್ರಿಪ್ಟ್ ಓಡಿಸುವ ವಿಎಂ (ಸಾಫ್ಟ್‌ವೇರ್ ಒಳಗಿನ ಕಾಲ್ಪನಿಕ ಯಂತ್ರ) ಸ್ಟಾಕ್ ತರದ್ದು (ಮೌಲ್ಯ ಒಂದರ ಮೇಲೊಂದು ಪೇರಿಸುವುದು) ಒಳ್ಳೆಯದಾ, ರಿಜಿಸ್ಟರ್ ತರದ್ದಾ (ನಂಬರ್ ಹಾಕಿದ ಖಾನೆಗಳಲ್ಲಿ ಇಡುವುದು)? ಬೇಡವಾದ ಮೆಮೊರಿ ಬಿಡಿಸಲಿಕ್ಕೆ ರೆಫರೆನ್ಸ್ ಎಣಿಸುವುದಾ (ಒಂದು ವಸ್ತುವನ್ನು ಎಷ್ಟು ಕಡೆ ಹಿಡಿದಿದ್ದಾರೆ ಅಂತ), ಗಾರ್ಬೇಜ್ ಕಲೆಕ್ಟರ್ (ಜಿಸಿ, ಬೇಡವಾದದ್ದನ್ನು ಹುಡುಕಿ ಗುಡಿಸುವುದು) ಬರೆಯುವುದಾ? ಇದೇ ಭಾಷೆ ಮುಂದೆ ತೂಕದ ಯಂತ್ರಕ್ಕೆ ಜೋಡಿಸಿದ ಇಎಸ್‌ಪಿ32 ಅನ್ನುವ ಪುಟ್ಟ ಚಿಪ್ಪಿನ ಬೋರ್ಡಿನಲ್ಲೂ ಓಡಬೇಕು. ಅದರಲ್ಲಿ ಇರುವ ಕೆಲಸದ ಮೆಮೊರಿ 520 ಕೆಬಿ ಎಸ್‌ರ‍್ಯಾಮ್.

ಹಂಪನಕಟ್ಟೆ ಹುಡುಗ

ಲೂವಾ ಹಾಕಿ, ಬೇರೆ ಪ್ರೋಗ್ರಾಮಿನ ಒಳಗೆ ಕೂರಿಸಲಿಕ್ಕೇ ಇರುವ ಸ್ಕ್ರಿಪ್ಟ್ ಭಾಷೆ ಅದು, ಕತೆ ಮುಗೀತು. ಅಪ್ಪಟ ಸಿ ಕೋಡ್. ಕಂಪೈಲ್ ಮಾಡಿದರೆ ಕೆಲವೇ ನೂರು ಕೆಬಿ. ರೆಡಿಸ್ (ಡೇಟಾಬೇಸ್), ವೈರ್‌ಶಾರ್ಕ್ (ನೆಟ್‌ವರ್ಕ್ ಪರೀಕ್ಷಿಸುವುದು), ನಿಯೋವಿಮ್ (ಎಡಿಟರ್), ಎಲ್ಲದರ ಒಳಗೂ ಅದೇ ಕೂತಿದೆ. ಇಎಸ್‌ಪಿ32ರಲ್ಲೂ ಓಡುತ್ತದೆ. ಇದ್ದದ್ದನ್ನೇ ಯಾಕೆ ಮತ್ತೆ ಮಾಡುವುದು?

ಬಂದರ್ ಬೈಟು (ಮಲ್ಪೆ)

ಕೇಳುತ್ತೀರಿ ಅಂತ ಗೊತ್ತಿತ್ತು 😄 ಎರಡು ಕಾರಣ. ಲೂವಾದಲ್ಲಿ ಹೆಸರು ಅಂದ್ರೆ ಇಂಗ್ಲಿಷ್ ಅಕ್ಷರ, ಅಂಕಿ, ಅಂಡರ್‌ಸ್ಕೋರ್ ಮಾತ್ರ. ‘ತೂಕ’ ಅಂತ ವೇರಿಯಬಲ್ ಇಡಲಿಕ್ಕೆ ಬಿಡುವುದಿಲ್ಲ. ನಿಯಮ ಓದಿ ತಿದ್ದಬೇಕಾದವರು ಆಫೀಸಿನಲ್ಲಿ ಕೂತು ಕನ್ನಡದಲ್ಲಿ ಲೆಕ್ಕ ಬರೆಯುವವರು. ಎರಡನೆಯದು, ನನಗೆ ಆಸೆ ಉಂಟು. ಅದನ್ನು ಮುಚ್ಚಿಡುವುದಿಲ್ಲ.

ಸುರತ್ಕಲ್ ಸಂಜೆ

ಆಸೆ ಇದ್ದರೆ ಸಾಕು ತಮ್ಮ, ಬರೆಯಿರಿ. ಲೂವಾ ಹುಟ್ಟಿದ್ದೂ ಇಂಥದ್ದೇ ಕೆಲಸಕ್ಕೆ. 1993ರಲ್ಲಿ ಬ್ರೆಜಿಲ್‌ನ ರಿಯೊ ಡಿ ಜನೈರೊದ ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲಿ ರಾಬರ್ಟೊ ಇಯೆರುಸಾಲಿಂಸ್ಕಿ, ವಾಲ್ಡೆಮಾರ್ ಸೆಲೆಸ್, ಲೂಯಿಸ್ ಹೆನ್ರಿಕ್ ಡಿ ಫಿಗೆರೆಡೊ ಸೇರಿ ಬರೆದದ್ದು. ಅದಕ್ಕೂ ಮೊದಲು ಪೆಟ್ರೊಬ್ರಾಸ್ ತೈಲ ಕಂಪನಿಗೆ ಡೆಲ್, ಸೋಲ್ ಅಂತ ಎರಡು ಪುಟ್ಟ ಭಾಷೆ ಮಾಡಿದ್ದರು. ಡೆಲ್ ಇದ್ದದ್ದು ಡೇಟಾ ಎಂಟ್ರಿ ಫಾರಂಗೆ. ಯಾವ ಖಾನೆಯಲ್ಲಿ ಎಂತ ತುಂಬಬಹುದು ಅಂತ ಹೇಳುವ ಭಾಷೆ ಅದು. ನಿಮ್ಮ ಏಲಂ ಲೆಕ್ಕಕ್ಕೂ ಅದಕ್ಕೂ ಜಾಸ್ತಿ ದೂರ ಇಲ್ಲ.

ಆದರೆ ನೀವು ಕೇಳಿದ ಪ್ರಶ್ನೆಗಳ ಕ್ರಮ ನನಗೆ ಸರಿ ಕಾಣುವುದಿಲ್ಲ. ಸ್ಟಾಕಾ ರಿಜಿಸ್ಟರಾ ಅನ್ನುವುದು ಆಮೇಲೆ ಬದಲಾಯಿಸಬಹುದಾದ ಸಂಗತಿ. ಲೂವಾ ಮೊದಲಿಗೆ ಸ್ಟಾಕ್ ವಿಎಂ ಆಗಿತ್ತು, 2003ರ 5.0 ಆವೃತ್ತಿಯಲ್ಲಿ ರಿಜಿಸ್ಟರ್‌ಗೆ ಹೋಯಿತು. ಒಳಗಿನ ಯಂತ್ರವನ್ನೇ ಬದಲಾಯಿಸಿದರೂ ಸ್ಕ್ರಿಪ್ಟ್ ಬರೆಯುವವರಿಗೆ ಅದರ ಬಿಸಿ ತಟ್ಟಲಿಲ್ಲ. ಮತ್ತೆ ಬದಲಾಯಿಸಲಿಕ್ಕೆ ಕಷ್ಟ ಆಗುವುದು ಗಡಿ. ಅಂದ್ರೆ ನಿಮ್ಮ ಸಿ ಪ್ಲಸ್ ಪ್ಲಸ್ ಮತ್ತು ಸ್ಕ್ರಿಪ್ಟ್ ಒಂದಕ್ಕೊಂದು ಎಲ್ಲಿ ಮುಟ್ಟುತ್ತವೆಯೋ ಆ ಜಾಗ. ಬೇರೆ ಪ್ರೋಗ್ರಾಮಿನ ಒಳಗೆ ಕೂರುವ ಭಾಷೆಗೆ ಅದೇ ಮುಖ್ಯ ವಿನ್ಯಾಸ. ವ್ಯಾಕರಣ ಅದರ ನಂತರ.

ಗಡಿಯಲ್ಲಿ ಉತ್ತರ ಬೇಕಾದ ಪ್ರಶ್ನೆಗಳು ಇವು. ಸ್ಕ್ರಿಪ್ಟ್ ಒಂದು ಪಟ್ಟಿ ಮಾಡಿ ನಿಮಗೆ ಕೊಟ್ಟಿತು ಅಂತ ಇಟ್ಟುಕೊಳ್ಳಿ. ಅದನ್ನು ನೀವು ಸಿ ಪ್ಲಸ್ ಪ್ಲಸ್ ಕಡೆ ಹಿಡಿದುಕೊಂಡಿರುವಾಗ ಜಿಸಿ ಬಂದು ಗುಡಿಸಿದರೆ? ಸ್ಕ್ರಿಪ್ಟ್ ಒಳಗೆ ತಪ್ಪಾದರೆ ಅದು ನಿಮ್ಮ ಪ್ರೋಗ್ರಾಮನ್ನೇ ಉರುಳಿಸುತ್ತದಾ, ಇಲ್ಲ ಸಂದೇಶವಾಗಿ ಬರುತ್ತದಾ? ಮೆಮೊರಿ ಯಾರು ಕೊಡುವುದು? ಒಂದು ಸ್ಕ್ರಿಪ್ಟ್ ನಿಲ್ಲದೆ ಓಡಿದರೆ ಯಾರು ನಿಲ್ಲಿಸುವುದು?

ಮೊದಲನೆಯದಕ್ಕೆ ಲೂವಾದ ಉಪಾಯ ನೋಡಿ. ಅದು ತನ್ನ ಒಳಗಿನ ವಸ್ತುವಿನ ಪಾಯಿಂಟರನ್ನು (ಮೆಮೊರಿಯಲ್ಲಿ ಅದು ಇರುವ ವಿಳಾಸ) ಸಿ ಕಡೆಗೆ ಹಿಡಿದಿಡಲಿಕ್ಕೆ ಕೊಡುವುದೇ ಇಲ್ಲ. ನಡುವೆ ಒಂದು ಸ್ಟಾಕ್ ಇಟ್ಟಿದೆ. ಸಿ ಕಡೆಯವರು ಅದಕ್ಕೆ ಮೌಲ್ಯ ಹಾಕಬೇಕು, ಅದರಿಂದಲೇ ಸ್ಥಾನದ ಸಂಖ್ಯೆ ಹೇಳಿ ತೆಗೆಯಬೇಕು. ಸ್ಟಾಕಿನಲ್ಲಿ ಇರುವಷ್ಟು ಹೊತ್ತು ಜಿಸಿ ಅದನ್ನು ಮುಟ್ಟುವುದಿಲ್ಲ. ಜಾಸ್ತಿ ಹೊತ್ತು ಬೇಕಾದರೆ ರಿಜಿಸ್ಟ್ರಿ ಅನ್ನುವ ಒಂದು ಟೇಬಲ್‌ನಲ್ಲಿ ಇಟ್ಟು, ಬರೀ ಒಂದು ಸಂಖ್ಯೆ ಹಿಡಿದುಕೊಂಡು ಹೋಗಬೇಕು. ಬರೆಯುವಾಗ ಕಿರಿಕಿರಿ ಆಗುತ್ತದೆ. ಆದರೆ ಈ ಶಿಸ್ತು ಇರುವುದರಿಂದಲೇ ಲೂವಾದ ಒಳಗಿನ ಜಿಸಿಯನ್ನು ಅವರು ಎರಡು ಮೂರು ಸಲ ಬದಲಾಯಿಸಲಿಕ್ಕೆ ಆಯಿತು.

ಮಣಿಪಾಲ ಹಾಸ್ಟೆಲ್

ಅಕ್ಕ, ಒಂದು ಸಂಶಯ. ಮೌಲ್ಯವನ್ನು ಮೆಮೊರಿಯಲ್ಲಿ ಇಡಲಿಕ್ಕೆ ನ್ಯಾನ್ ಬಾಕ್ಸಿಂಗ್ ಮಾಡಿದರೆ ಹೇಗೆ? 64 ಬಿಟ್ ಡಬಲ್‌ನಲ್ಲಿ (ದಶಮಾಂಶ ಸಂಖ್ಯೆ ಇಡುವ ರೂಪ) ‘ಸಂಖ್ಯೆ ಅಲ್ಲ’ (ನ್ಯಾನ್) ಅನ್ನುವ ಮೌಲ್ಯಕ್ಕೆ ಲೆಕ್ಕವಿಲ್ಲದಷ್ಟು ರೂಪ ಉಂಟು. ಅದರ ಖಾಲಿ ಬಿಟ್‌ಗಳಲ್ಲಿ 48 ಬಿಟ್ ಪಾಯಿಂಟರ್ ತುಂಬಿಸಬಹುದು. ಒಂದು ಮೌಲ್ಯಕ್ಕೆ 8 ಬೈಟ್ ಸಾಕು. ಯಾವ ಟೈಪ್ ಅಂತ ಹೇಳುವ ಟ್ಯಾಗ್ ಬೇರೆ, ಮೌಲ್ಯ ಬೇರೆ ಇಟ್ಟರೆ ಅಲೈನ್‌ಮೆಂಟ್‌ಗೆ (ವಿಳಾಸ ಸರಿಹೊಂದಿಸಲಿಕ್ಕೆ) ಬಿಡುವ ಜಾಗ ಸೇರಿ 16 ಆಗುತ್ತದೆ.

ಸುರತ್ಕಲ್ ಸಂಜೆ

ಚೆಂದದ ತಂತ್ರ, ಲೂವಾಜಿಟ್ (ಲೂವಾದ ವೇಗದ ರೂಪ) ಕೂಡ ಮಾಡುತ್ತದೆ. ಆದರೆ ಇಲ್ಲಿ ಬೇಡ ಅಂತ ನನ್ನ ಅಭಿಪ್ರಾಯ. ಕಾರಣ ದುಡ್ಡು.

ನ್ಯಾನ್ ಬಾಕ್ಸಿಂಗ್ ಮಾಡಿದರೆ ಎಲ್ಲ ಸಂಖ್ಯೆಯೂ ಡಬಲ್ ಅಂತ ಒಪ್ಪಿಕೊಂಡ ಹಾಗೆ. ಪೂರ್ತಿ 64 ಬಿಟ್ ಇಂಟಿಜರ್‌ಗೆ (ಪೂರ್ಣಾಂಕ) ಜಾಗ ಉಳಿಯುವುದಿಲ್ಲ. ಈಗ ₹4.35 ಅನ್ನು ಪೈಸೆ ಮಾಡಲಿಕ್ಕೆ 100ರಿಂದ ಗುಣಿಸಿ ನೋಡಿ. ಡಬಲ್‌ನಲ್ಲಿ 434.99999999999994 ಬರುತ್ತದೆ. ದಶಮಾಂಶ ಕತ್ತರಿಸಿದರೆ 434. ಒಂದು ಪೈಸೆ ಹೋಯಿತು. ಪೈಸೆಯನ್ನೇ ಪೂರ್ಣಾಂಕವಾಗಿ ಇಟ್ಟರೆ ಡಬಲ್ ಕೂಡ 2ರ 53ನೇ ಘಾತದವರೆಗೆ ಸರಿಯಾಗಿ ಹಿಡಿಯುತ್ತದೆ. ಅಂದ್ರೆ ಸುಮಾರು 90 ಲಕ್ಷ ಕೋಟಿ ರೂಪಾಯಿ. ಮಲ್ಪೆಗೆ ಸಾಕು 😄

ತೊಂದರೆ ಇರುವುದು ಬೋರ್ಡಿನಲ್ಲಿ. ಇಎಸ್‌ಪಿ32ರ ಫ್ಲೋಟಿಂಗ್ ಪಾಯಿಂಟ್ (ದಶಮಾಂಶ ಲೆಕ್ಕದ) ಯಂತ್ರ 32 ಬಿಟ್‌ನದ್ದು ಮಾತ್ರ. ಡಬಲ್ ಲೆಕ್ಕ ಎಲ್ಲ ಸಾಫ್ಟ್‌ವೇರ್‌ನಲ್ಲಿ, ನಿಧಾನ. ವೇಗ ಬೇಕು ಅಂತ 32 ಬಿಟ್ ಫ್ಲೋಟ್‌ಗೆ ಇಳಿದಿರೋ, ಪೂರ್ಣಾಂಕ ಸರಿಯಾಗಿ ನಿಲ್ಲುವುದು 1,67,77,216ರ ತನಕ. ಪೈಸೆ ಲೆಕ್ಕದಲ್ಲಿ ₹1,67,772.16. ಪರ್ಸೀನ್ (ದೊಡ್ಡ ಸುತ್ತುಬಲೆಯ) ಬೋಟಿಗೆ ಒಳ್ಳೆಯ ಬಂಗುಡೆ ಬಿದ್ದ ದಿನ ಒಂದೇ ಬಿಲ್ ಅದನ್ನು ದಾಟುತ್ತದೆ. 32 ಬಿಟ್ ಇಂಟಿಜರ್ ಆದರೆ ₹2.14 ಕೋಟಿ ತನಕ ಬರುತ್ತದೆ. 64 ಬಿಟ್ ಇಂಟಿಜರ್ ಇಟ್ಟರೆ ಚಿಂತೆಯೇ ಇಲ್ಲ, 32 ಬಿಟ್ ಚಿಪ್ ಅದನ್ನು ಎರಡು ತುಂಡಾಗಿ ಕೂಡಿಸುತ್ತದೆ, ಅಷ್ಟೇ.

ಲೂವಾದಲ್ಲೂ ಮೊದಲು ಸಂಖ್ಯೆ ಅಂದ್ರೆ ಡಬಲ್ ಒಂದೇ. 2015ರ 5.3ರಲ್ಲಿ 64 ಬಿಟ್ ಇಂಟಿಜರ್ ಬೇರೆ ಬಂತು. ಹಾಗಾಗಿ ಟ್ಯಾಗ್ ಇರುವ 16 ಬೈಟ್ ಮೌಲ್ಯವನ್ನೇ ಇಡಿ. ಪೂರ್ಣಾಂಕ, ದಶಮಾಂಶ, ಹಣ ಅಂತ ಮೂರು ಟ್ಯಾಗ್ ಇರಲಿ. ಹಣಕ್ಕೆ ಹಣ ಕೂಡಿಸಬಹುದು, ಹಣವನ್ನು ತೂಕದಿಂದ ಗುಣಿಸಬಹುದು. ಹಣಕ್ಕೆ ಹಣ ಗುಣಿಸಿದರೆ ತಪ್ಪು ಅಂತ ಓಡುವಾಗಲೇ ಹಿಡಿಯಬಹುದು. ಟೈಪ್ ಹೇಳದ ಭಾಷೆ ಅಂದ ಮಾತ್ರಕ್ಕೆ ಟೈಪೇ ಇಲ್ಲದ ಭಾಷೆ ಆಗಬೇಕಿಲ್ಲ. ಟೈಪ್ ವೇರಿಯಬಲ್‌ಗೆ ಅಂಟುವ ಬದಲು ಮೌಲ್ಯಕ್ಕೆ ಅಂಟಿರುತ್ತದೆ.

ತೂಕವನ್ನೂ ಗ್ರಾಂನಲ್ಲಿ ಪೂರ್ಣಾಂಕ ಮಾಡಿಬಿಡಿ.

ದಕ್ಕೆ ಲೆಕ್ಕಿಗ

ನಾನು ಪ್ರೋಗ್ರಾಂ ಬರೆಯುವವನಲ್ಲ. ಮಂಗಳೂರು ದಕ್ಕೆಯಲ್ಲಿ ಲೆಕ್ಕ ಬರೆಯುತ್ತೇನೆ. ಮಗಳು ಈ ಚರ್ಚೆ ತೋರಿಸಿದಳು. ನೀವು ಮಾಡುವ ಭಾಷೆ ಉಪಯೋಗಿಸಬೇಕಾದವರು ನಮ್ಮಂಥವರು ಅಲ್ವಾ, ಹಾಗಾಗಿ ಹೇಳುತ್ತೇನೆ.

ಒಂದು. ತಪ್ಪಾದರೆ ಯಾವ ಸಾಲಿನಲ್ಲಿ, ಎಂತ ತಪ್ಪು ಅಂತ ಕನ್ನಡದಲ್ಲಿ ಹೇಳಬೇಕು. ಈಗ ಇರುವ ಒಂದು ಸಾಫ್ಟ್‌ವೇರ್‌ನಲ್ಲಿ ಕೆಂಪು ಬಣ್ಣದಲ್ಲಿ ಒಂದು ನಂಬರ್ ಬರುತ್ತದೆ, ಮತ್ತೆ ಏನೂ ಇಲ್ಲ. ಬೆಳಿಗ್ಗೆ ಏಲಂ ಕೂಗುವ ಹೊತ್ತಿಗೆ ಆ ನಂಬರ್ ಇಟ್ಟುಕೊಂಡು ಎಂತ ಮಾಡುವುದು?

ಎರಡು. ಇವತ್ತು ನಿಯಮ ಬದಲಾಯಿಸಿದರೆ ಹೋದ ತಿಂಗಳ ಬಿಲ್ ಬದಲಾಗಬಾರದು. ಬೋಟಿನ ಯಜಮಾನರು ಹಳೇ ಬಿಲ್ ಹಿಡಿದುಕೊಂಡು ಬಂದು ಇನ್ನೊಂದು ಪ್ರಿಂಟ್ ಕೇಳಿದರೆ ಅದೇ ಮೊತ್ತ ಬರಬೇಕು. ಬಾರದಿದ್ದರೆ ಅಲ್ಲೇ ಜಗಳ.

ಮೂರು. ಕಡೆಗೆ ಉಳಿಯುವ ಪೈಸೆಯನ್ನು ನಾವು ಬೋಟಿನವರ ಕಡೆಗೇ ಬಿಡುತ್ತೇವೆ. ಇನ್ನೊಬ್ಬರ ಪದ್ಧತಿ ಬೇರೆ ಇರಬಹುದು. ಅದು ಯಂತ್ರ ತೀರ್ಮಾನ ಮಾಡುವ ವಿಷಯ ಅಲ್ಲ.

ಬಂದರ್ ಬೈಟು (ಮಲ್ಪೆ)

ಸರ್, ತುಂಬಾ ಥ್ಯಾಂಕ್ಸ್. ಎರಡನೆಯದಕ್ಕೆ ಒಂದು ದಾರಿ ಉಂಟು. ಪ್ರತಿ ಬಿಲ್ ಜತೆಗೆ ಆ ಹೊತ್ತಿನ ನಿಯಮದ ಪಠ್ಯದ ಹ್ಯಾಶ್ (ಪಠ್ಯದಿಂದ ಲೆಕ್ಕ ಹಾಕಿದ ಗುರುತು ಸಂಖ್ಯೆ) ಉಳಿಸುತ್ತೇನೆ. ನಿಯಮದ ಹಳೇ ಪ್ರತಿಗಳನ್ನು ಅಳಿಸುವುದೇ ಇಲ್ಲ. ಮತ್ತೆ ಪ್ರಿಂಟ್ ಕೇಳಿದಾಗ ಅದೇ ಪ್ರತಿ ಓಡುತ್ತದೆ. ಸ್ಕ್ರಿಪ್ಟ್ ಪಠ್ಯವಾಗಿಯೇ ಇರುವುದರ ಲಾಭ ಇದು. ಆದರೆ ಭಾಷೆಯ ಅರ್ಥವೇ ನಾಳೆ ಬದಲಾದರೆ ಕೈ ಕೊಡುತ್ತದೆ. ಹಾಗಾಗಿ ಭಾಷೆಯ ಆವೃತ್ತಿಯನ್ನೂ ಜತೆಗೆ ಬರೆದಿಡಬೇಕು.

ರೌಂಡಿಂಗ್‌ಗೆ ‘ಮೇಲಕ್ಕೆ’, ‘ಕೆಳಕ್ಕೆ’, ‘ಹತ್ತಿರಕ್ಕೆ’ ಅಂತ ಮೂರು ಕೆಲಸ ಕೊಡುತ್ತೇನೆ. ಹಣವನ್ನು ಭಾಗಿಸಿದಾಗ ಶೇಷ ಉಳಿದರೆ ಈ ಮೂರರಲ್ಲಿ ಒಂದನ್ನು ಬರೆಯಲೇಬೇಕು. ಬರೆಯದಿದ್ದರೆ ತಪ್ಪು ಅಂತ ತೋರಿಸುತ್ತದೆ.

ಕಾಪು ಕಂಪೈಲರ್

ಎಲ್ಲರೂ ಗಡಿಯ ಬಗ್ಗೆ ಹೇಳಿದರು. ನಾನು ವ್ಯಾಕರಣದ ಬಗ್ಗೆ ಹೇಳುತ್ತೇನೆ, ಯಾಕಂದ್ರೆ ನಿಮ್ಮ ಉದಾಹರಣೆಯಲ್ಲಿ ನನಗೆ ಖುಷಿ ಕೊಟ್ಟದ್ದು ಅದು. ಕ್ರಿಯಾಪದ ಕೊನೆಗೆ ಬರುತ್ತದೆ. ‘ಒಟ್ಟು > 50000 ಇದ್ದರೆ’, ‘ಒಟ್ಟು ಕೊಡು’. ಬೇರೆ ಭಾಷೆಗಳಲ್ಲಿ ಪಾರ್ಸರ್ ಸಾಲಿನ ಮೊದಲ ಪದ ನೋಡಿಯೇ ಇದು ಷರತ್ತು, ಇದು ಲೂಪ್ ಅಂತ ತಿಳಿಯುತ್ತದೆ. ನಿಮ್ಮದರಲ್ಲಿ ಸಾಲಿನ ಕೊನೆ ತನಕ ಗೊತ್ತಾಗುವುದಿಲ್ಲ.

ಇದು ಕಷ್ಟ ಅಂತ ಕಾಣುತ್ತದೆ, ಆದರೆ ವಾಕ್ಯರಚನೆಯ ಮರ ಕಟ್ಟದೆ ಒಂದೇ ಓಟದಲ್ಲಿ ಬೈಟ್‌ಕೋಡ್ (ವಿಎಂ ಓಡಿಸುವ ಆದೇಶಗಳು) ಬರೆಯುವವರಿಗೆ ಇದು ಸಲೀಸು. ಮೊದಲು ‘ಒಟ್ಟು > 50000’ಗೆ ಕೋಡ್ ಬರೆಯಿರಿ. ಓಡಿದಾಗ ಉತ್ತರ ಸ್ಟಾಕಿನ ಮೇಲೆ ಬಂದು ಕೂರುತ್ತದೆ. ಮುಂದಿನ ಟೋಕನ್ ನೋಡಿ. ‘ಇದ್ದರೆ’ ಬಂದರೆ ‘ಸುಳ್ಳಾದರೆ ಹಾರು’ ಅನ್ನುವ ಆದೇಶ. ‘ಕೊಡು’ ಬಂದರೆ ‘ಹಿಂದಿರುಗು’ ಅನ್ನುವ ಆದೇಶ. ಸ್ಟಾಕ್ ಯಂತ್ರಕ್ಕೆ ಬೇಕಾದ ಕ್ರಮವೂ ಅದೇ. ಲೂಪಿಗೆ ‘ಇರುವವರೆಗೆ’ ಅಂತ ಇಟ್ಟರೆ ಮಾತ್ರ ಒಂದು ಜಾಗ್ರತೆ ಬೇಕು. ಪ್ರತಿ ಸಾಲಿನ ಕೋಡ್ ಎಲ್ಲಿ ಶುರುವಾಯಿತು ಅಂತ ಮೊದಲೇ ನೆನಪಿಟ್ಟುಕೊಳ್ಳಬೇಕು. ಹಿಂದಕ್ಕೆ ಹಾರಲಿಕ್ಕೆ ಅದು ಬೇಕಾಗುತ್ತದೆ.

‘ಕೆಲಸ’ ಮಾತ್ರ ಮುಂದೆಯೇ ಇರಲಿ. ‘ಕಮಿಷನ್(ತೂಕ, ದರ) ಎಂದರೆ’ ಅಂತ ಬರೆಯುವ ಆಸೆ ಬಂದೀತು. ಬೇಡ. ‘ಎಂದರೆ’ ಕಾಣುವ ಹೊತ್ತಿಗೆ ನೀವು ಅದನ್ನು ಆ ಕೆಲಸವನ್ನು ಓಡಿಸುವ ಕರೆ ಅಂತ ತಿಳಿದು ಕೋಡ್ ಬರೆದು ಆಗಿರುತ್ತದೆ, ಅದನ್ನು ಅಳಿಸಬೇಕಾಗುತ್ತದೆ.

ಇನ್ನೊಂದು. ಯಾರಾದರೂ ‘ಇದ್ದರೆ’ ಬರೆಯಲಿಕ್ಕೆ ಮರೆತರೆ ‘ಒಟ್ಟು > 50000’ ಒಂದು ಬರೀ ಲೆಕ್ಕವಾಗಿ ಉಳಿಯುತ್ತದೆ. ಜಾವಾಸ್ಕ್ರಿಪ್ಟ್, ಪೈಥಾನ್ ಇದನ್ನು ಸುಮ್ಮನೆ ನುಂಗುತ್ತವೆ. ಲೂವಾ ಬಿಡುವುದಿಲ್ಲ. ಅದರಲ್ಲಿ ಬರೀ ಲೆಕ್ಕ ಒಂದು ವಾಕ್ಯ ಆಗುವುದಿಲ್ಲ, ಕರೆ ಮಾತ್ರ ಆಗುತ್ತದೆ. ನೀವೂ ಹಾಗೇ ಮಾಡಿ. ‘3ನೇ ಸಾಲು: ಲೆಕ್ಕ ಬಂತು, ಅದನ್ನು ಎಂತ ಮಾಡಬೇಕು ಅಂತ ಹೇಳಿಲ್ಲ’ ಅಂತ ಸಂದೇಶ ಬರಲಿ. ಸಾಲು ಮುರಿಯುವುದಕ್ಕೂ ಅರ್ಥ ಇರಲಿ. ಇಲ್ಲದಿದ್ದರೆ ಆವರಣ ಚಿಹ್ನೆಯಿಂದ ಶುರುವಾಗುವ ಸಾಲನ್ನು ಪಾರ್ಸರ್ ಮೇಲಿನ ಸಾಲಿನ ಬಾಲ ಅಂತ ತಿಳಿಯುತ್ತದೆ.

ಮಣಿಪಾಲ ಹಾಸ್ಟೆಲ್

ಕನ್ನಡ ಹೆಸರಿಗೆ ಟೋಕನ್ ಒಡೆಯುವಾಗ ಏನಾದರೂ ವಿಶೇಷ ಬೇಕಾ? 127ಕ್ಕಿಂತ ದೊಡ್ಡ ಬೈಟ್ ಎಲ್ಲ ಅಕ್ಷರ ಅಂತ ಒಪ್ಪಿದರೆ ಮುಗೀತು ಅಲ್ವಾ?

ಕಾಪು ಕಂಪೈಲರ್

ಓಡುತ್ತದೆ, ಆಮೇಲೆ ರಾತ್ರಿ ನಿದ್ದೆ ಕೆಡಿಸುತ್ತದೆ.

‘ಮೀನು’ ತೆಗೆದುಕೊಳ್ಳಿ. ಯೂನಿಕೋಡ್‌ನಲ್ಲಿ ಮ, ೀ, ನ, ು. ಒಟ್ಟು ನಾಲ್ಕು. ಅದನ್ನು ಬೈಟ್ ಆಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದಕ್ಕೂ 3 ಬೈಟ್, ಅಂದ್ರೆ 12 ಬೈಟ್. ಆದರೆ ದೀರ್ಘದ ೀ ಚಿಹ್ನೆಯನ್ನು ಇನ್ನೊಂದು ರೀತಿಯಲ್ಲೂ ಇಡಬಹುದು: ಮೊದಲು ಗುಡಿಸು, ಅದರ ಪಕ್ಕ ದೀರ್ಘದ ಗುರುತು ಬೇರೆ. ಆಗ 15 ಬೈಟ್. ತೆರೆಯ ಮೇಲೆ ಎರಡೂ ಒಂದೇ ತರ ಕಾಣುತ್ತದೆ. ಒಂದು ಸಾಲಿನಲ್ಲಿ ಒಂದು ರೂಪ, ಇನ್ನೊಂದರಲ್ಲಿ ಇನ್ನೊಂದು ಬಂದರೆ ನಿಮ್ಮ ಭಾಷೆಗೆ ಅವು ಎರಡು ವೇರಿಯಬಲ್. ಬರೆದವರು ತೆರೆಗೆ ಮೂಗು ತಾಗಿಸಿ ನೋಡಿದರೂ ವ್ಯತ್ಯಾಸ ಸಿಗುವುದಿಲ್ಲ.

ಪೈಥಾನ್ ಇದನ್ನು ನೋಡಿಕೊಳ್ಳುತ್ತದೆ. ಹೆಸರುಗಳನ್ನು ಓದುವಾಗಲೇ ಒಂದೇ ರೂಪಕ್ಕೆ ತರುತ್ತದೆ. ಜಾವಾಸ್ಕ್ರಿಪ್ಟ್ ತರುವುದಿಲ್ಲ. ನಿಮ್ಮ ಬೋರ್ಡಿನಲ್ಲಿ ಯೂನಿಕೋಡ್‌ನ ದೊಡ್ಡ ಲೈಬ್ರರಿ ತುಂಬಿಸಲಿಕ್ಕೆ ಜಾಗ ಇಲ್ಲ. ಅದು ಬೇಕಾಗಿಯೂ ಇಲ್ಲ. ಕನ್ನಡ ಬ್ಲಾಕಿನಲ್ಲಿ ಹೀಗೆ ಒಡೆಯುವ ಚಿಹ್ನೆಗಳು ಐದೇ: ೀ ೇ ೈ ೊ ೋ. ಐದು ಸಾಲಿನ ಕೋಷ್ಟಕ ಸಾಕು. ೋ ಮಾತ್ರ ಎರಡು ಹಂತದಲ್ಲಿ ಒಡೆಯುತ್ತದೆ, ನೆನಪಿರಲಿ.

ಇನ್ನು ‘ಬೋಟ್‌ಬಾಡಿಗೆ’. ಟ್ ಮತ್ತು ಬಾ ಒತ್ತಾಗಿ ಸೇರದಿರಲಿ ಅಂತ ನಡುವೆ ಕಾಣದ ಒಂದು ಅಕ್ಷರ ಉಂಟು, ಜೋಡಿಸಬೇಡ ಅಂತ ಹೇಳುವಂಥದ್ದು. ಪೈಥಾನ್ ಅದನ್ನು ಹೆಸರಿನಲ್ಲಿ ಬಿಡುವುದಿಲ್ಲ. ಜಾವಾಸ್ಕ್ರಿಪ್ಟ್ ಬಿಡುತ್ತದೆ. ನೀವು ಬಿಡಲೇಬೇಕು, ಇಲ್ಲದಿದ್ದರೆ ಕನ್ನಡದಲ್ಲಿ ಬರೆಯಲಿಕ್ಕೆ ಆಗುವುದಿಲ್ಲ. ಆದರೆ ಹಲಂತದ ಚಿಹ್ನೆ (ಸ್ವರ ಇಲ್ಲ ಅಂತ ತೋರಿಸುವುದು) ಮತ್ತು ವ್ಯಂಜನದ ನಡುವೆ ಇದ್ದರೆ ಮಾತ್ರ ಒಪ್ಪಿ. ‘ಬೋಟ್’ ಅಂತ ಬರೆದು ಕೊನೆಯಲ್ಲಿ ಅದೇ ಕಾಣದ ಅಕ್ಷರ ಉಳಿದುಬಿಟ್ಟಿರುತ್ತದೆ, ಕೆಲವು ಕೀಬೋರ್ಡ್ ತಾವಾಗಿ ಹಾಕಿಬಿಡುತ್ತವೆ. ಅಂಥದ್ದನ್ನು ಟೋಕನ್ ಮಾಡುವಾಗ ಉದುರಿಸಿ.

‘೧೨’ ಬರೆದರೆ 12 ಅಂತ ಓದಲಿ. ಅದು ಎರಡು ಸಾಲಿನ ಕೆಲಸ.

ಬಂದರ್ ಬೈಟು (ಮಲ್ಪೆ)

ಇದು ನನ್ನ ತಲೆಗೆ ಬಂದಿರಲೇ ಇಲ್ಲ. ಹೆಸರು ಘೋಷಿಸದೆ ಬಳಸಿದರೆ ಲೂವಾದಲ್ಲಿ ‘ನಿಲ್’ ಸಿಗುತ್ತದೆ ಅಲ್ವಾ, ನನ್ನದೂ ಈಗ ಹಾಗೇ ‘ಇಲ್ಲ’ ಅನ್ನುವ ಮೌಲ್ಯ ಕೊಡುತ್ತದೆ. ಹೀಗೆ ಕಾಣದ ವ್ಯತ್ಯಾಸ ಇದ್ದರೆ ಬಿಲ್ ತಪ್ಪಿದರೂ ತಿಳಿಯುವುದಿಲ್ಲ. ಬದಲಾಯಿಸುತ್ತೇನೆ. ಬೆಲೆ ಕೊಡದ ಹೆಸರು ಓದಿದರೆ ಕಂಪೈಲ್ ಮಾಡುವಾಗಲೇ ತಪ್ಪು.

ಹಂಪನಕಟ್ಟೆ ಹುಡುಗ

ಸರಿ, ನಾನೂ ಈಗ ನಿಮ್ಮ ಪಾರ್ಟಿ. ಹಾಗಾದರೆ ಕೂಡಿಸುವ ಚಿಹ್ನೆಯ ಬಗ್ಗೆ ಒಂದು ಮಾತು. ಕೀಬೋರ್ಡಿನಿಂದ ಬಂದ ತೂಕ ಪಠ್ಯವಾಗಿ ಬರುತ್ತದೆ. ಪಠ್ಯದ "12" ಕೂಡಿಸು 3 ಅಂದ್ರೆ ಜಾವಾಸ್ಕ್ರಿಪ್ಟ್‌ನಲ್ಲಿ "123". ಲೂವಾದಲ್ಲಿ 15. ಪೈಥಾನ್‌ನಲ್ಲಿ ತಪ್ಪು. ನೀವು ಪೈಥಾನ್ ದಾರಿ ಹಿಡಿಯಿರಿ. 123 ಕಿಲೋ ಅಂಜಲಿಗೆ ಬಿಲ್ ಹೋದರೆ ಸಾಫ್ಟ್‌ವೇರ್ ಮಾಡಿದವರನ್ನೂ ಐಸ್ ಬಾಕ್ಸಿಗೆ ಹಾಕುತ್ತಾರೆ.

ನಿಲ್ಲದ ಲೂಪ್ ಬಗ್ಗೆ ಅಕ್ಕ ಕೇಳಿದ್ದರು. ರೆಡಿಸ್‌ನ ಕತೆ ನೋಡಿ. 2012ರಲ್ಲಿ 2.6 ಆವೃತ್ತಿಗೆ ಲೂವಾ ಸೇರಿಸಿದರು. ಸ್ಕ್ರಿಪ್ಟಿಗೆ ಸಮಯದ ಮಿತಿ ಉಂಟು, ಡಿಫಾಲ್ಟ್ 5 ಸೆಕೆಂಡ್. ಆದರೆ ಮಿತಿ ದಾಟಿದರೆ ರೆಡಿಸ್ ತಾನಾಗಿ ಅದನ್ನು ಕೊಲ್ಲುವುದಿಲ್ಲ. ಉಳಿದವರಿಗೆ ‘ಬ್ಯುಸಿ’ ಅಂತ ಹೇಳಲಿಕ್ಕೆ ಶುರು ಮಾಡುತ್ತದೆ, ಅಷ್ಟೇ. ನಾವು ಆದೇಶ ಕೊಟ್ಟು ಕೊಲ್ಲಬಹುದು, ಅದೂ ಸ್ಕ್ರಿಪ್ಟ್ ಇನ್ನೂ ಡೇಟಾ ಬರೆಯದೆ ಇದ್ದರೆ ಮಾತ್ರ. ಬರೆಯಲಿಕ್ಕೆ ಶುರು ಮಾಡಿದ್ದರೆ ಆ ಆದೇಶವೂ ನಡೆಯುವುದಿಲ್ಲ. ಉಳಿಯುವುದು ಡೇಟಾ ಉಳಿಸದೆ ಸರ್ವರನ್ನೇ ಬಂದ್ ಮಾಡುವುದು. ಯಾಕಂದ್ರೆ ಅರ್ಧ ಬರೆದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವ ದಾರಿ ಅದರಲ್ಲಿ ಇಲ್ಲ.

ನಿಮಗೆ ಇದರಿಂದ ಸಿಗುವುದು ಇಷ್ಟು: ನಿಮ್ಮ ನಿಯಮಕ್ಕೆ ಏನನ್ನೂ ಬರೆಯುವ ಅಧಿಕಾರ ಕೊಡಬೇಡಿ. ಫೈಲ್ ಇಲ್ಲ, ಗಡಿಯಾರ ಇಲ್ಲ, ಡೇಟಾಬೇಸ್ ಇಲ್ಲ. ತೂಕ, ದರ, ಮೀನಿನ ಜಾತಿ ಒಳಗೆ ಹೋಗುತ್ತದೆ, ಮೊತ್ತ ಹೊರಗೆ ಬರುತ್ತದೆ. ಆಗ ಯಾವ ಹೊತ್ತಿನಲ್ಲಿ ನಿಲ್ಲಿಸಿದರೂ ಏನೂ ಹಾಳಾಗುವುದಿಲ್ಲ. ಗಡಿಯಾರ ಇಲ್ಲದಿದ್ದರೆ ದಕ್ಕೆಯ ಸರ್ ಹೇಳಿದ ಹಳೇ ಬಿಲ್ ಕೂಡ ಎಷ್ಟು ಸಲ ಓಡಿಸಿದರೂ ಒಂದೇ ಉತ್ತರ ಕೊಡುತ್ತದೆ.

ನಿಲ್ಲಿಸಲಿಕ್ಕೆ ಸೆಕೆಂಡ್ ಎಣಿಸಬೇಡಿ, ಆದೇಶ ಎಣಿಸಿ. ಲೂವಾದಲ್ಲಿ ಇಷ್ಟು ಆದೇಶಕ್ಕೊಮ್ಮೆ ನನ್ನನ್ನು ಕರೆ ಅಂತ ಹುಕ್ ಇಡಬಹುದು. ನೀವು ಹಿಂದಕ್ಕೆ ಹಾರುವ ಆದೇಶದಲ್ಲಿ ಮತ್ತು ಕರೆಯಲ್ಲಿ ಮಾತ್ರ ಎಣಿಸಿದರೂ ಸಾಕು. ನಿಲ್ಲದೆ ಓಡಲಿಕ್ಕೆ ಈ ಎರಡೇ ದಾರಿ. ಸೆಕೆಂಡ್ ಲೆಕ್ಕ ಆಫೀಸಿನ ಕಂಪ್ಯೂಟರಿನಲ್ಲಿ ಒಂದು, ಬೋರ್ಡಿನಲ್ಲಿ ಇನ್ನೊಂದು ಆಗುತ್ತದೆ. ಆದೇಶದ ಲೆಕ್ಕ ಎರಡು ಕಡೆಯೂ ಒಂದೇ.

ಸುರತ್ಕಲ್ ಸಂಜೆ

ಇದು ಸರಿಯಾದ ಮಾತು. ಮತ್ತು ಇದರಿಂದ ಮೆಮೊರಿಯ ಪ್ರಶ್ನೆ ಹೆಚ್ಚು ಕಡಿಮೆ ಮಾಯವಾಗುತ್ತದೆ. ನಿಯಮ ಒಂದು ಸಲ ಓಡಿ ಒಂದು ಮೊತ್ತ ಕೊಟ್ಟು ಮುಗಿಯುತ್ತದೆ ಅಂತಾದರೆ ಜಿಸಿ ಯಾಕೆ? 1960ರಲ್ಲಿ ಜಾನ್ ಮೆಕಾರ್ಥಿ ಲಿಸ್ಪ್ ಭಾಷೆಗೆ ಬರೆದ, ಗುರುತು ಹಾಕಿ ಗುಡಿಸುವ ವಿಧಾನ ಬೇಕಾಗುವುದು ಬಹಳ ಹೊತ್ತು ಓಡುವ ಪ್ರೋಗ್ರಾಮಿಗೆ. ರೆಫರೆನ್ಸ್ ಎಣಿಸಿದರೆ ಒಂದಕ್ಕೊಂದು ತೋರಿಸುವ ಎರಡು ಪಟ್ಟಿ ಎಂದೂ ಬಿಡುಗಡೆ ಆಗುವುದಿಲ್ಲ, ಅದಕ್ಕೆ ಮತ್ತೆ ಬೇರೆ ಮದ್ದು. ನಿಮಗೆ ಎರಡೂ ಬೇಡ.

ಸಿ ಪ್ಲಸ್ ಪ್ಲಸ್ ಕಡೆಯಿಂದ 32 ಕೆಬಿಯ ಒಂದು ತುಂಡು ಮೆಮೊರಿ ಕೊಡಿ. ಸ್ಕ್ರಿಪ್ಟ್ ಅದರಲ್ಲೇ ಮುಂದೆ ಮುಂದೆ ಜಾಗ ತೆಗೆದುಕೊಳ್ಳುತ್ತಾ ಹೋಗಲಿ. ಮುಗಿದ ಮೇಲೆ, ಎಲ್ಲಿ ತನಕ ತುಂಬಿತು ಅಂತ ತೋರಿಸುವ ಸೂಜಿಯನ್ನು ಮೊದಲಿಗೆ ತಿರುಗಿಸಿ, ಅಷ್ಟೇ. ತುಂಬಿದರೆ ತಪ್ಪು ಅಂತ ಹೇಳಿ ನಿಲ್ಲಿ. ಉತ್ತರವಾಗಿ ಸಂಖ್ಯೆ ಅಥವಾ ಹಣ ಮಾತ್ರ ಹೊರಗೆ ಬರಲಿ. ಪಟ್ಟಿಯನ್ನೇ ಹೊರಗೆ ಕೊಡದಿದ್ದರೆ ಯಾರು ಹಿಡಿದಿದ್ದಾರೆ ಅನ್ನುವ ತಕರಾರೇ ಇಲ್ಲ. ಮುಂದೆ ಪಟ್ಟಿ ಬೇಕಾದರೆ ಆಗ ಜಿಸಿ ಬರೆಯಿರಿ. ಬರೆದ ದಿನದಿಂದಲೇ, ಪ್ರತಿ ಸಲ ಮೆಮೊರಿ ಕೇಳಿದಾಗಲೂ ಜಿಸಿ ಓಡುವ ಒಂದು ಪರೀಕ್ಷಾ ಬಿಲ್ಡ್ ಇಟ್ಟುಕೊಳ್ಳಿ. ನಿಧಾನವಾದರೂ ಆಗಲಿ, ಹುಳ ಎಲ್ಲ ಹೊರಗೆ ಬರುತ್ತದೆ.

ತಪ್ಪಿನ ವಿಷಯದಲ್ಲಿ ಒಂದು ಎಚ್ಚರ. ಸಿ ಆಗಿ ಕಂಪೈಲ್ ಮಾಡಿದ ಲೂವಾ ಸಿ ಭಾಷೆಯ ಲಾಂಗ್‌ಜಂಪ್‌ನಿಂದ (ನಡುವಿನದ್ದನ್ನು ಬಿಟ್ಟು ಹಿಂದಿನ ಜಾಗಕ್ಕೆ ನೇರ ಹಾರುವುದು) ತಪ್ಪು ಎಸೆಯುತ್ತದೆ. ಸಿ ಪ್ಲಸ್ ಪ್ಲಸ್‌ನಲ್ಲಿ ಹಾಗೆ ಹಾರಿದರೆ ನಡುವಿನ ಡಿಸ್ಟ್ರಕ್ಟರ್‌ಗಳು (ವಸ್ತುವಿನ ಕೆಲಸ ಮುಗಿದಾಗ ಶುಚಿ ಮಾಡುವ ಕೋಡ್) ಓಡುವ ಖಾತ್ರಿ ಇಲ್ಲ. ತೆರೆದ ಫೈಲ್, ಹಿಡಿದ ಲಾಕ್ ಎಲ್ಲ ಹಾಗೇ ಉಳಿಯಬಹುದು. ನಿಮ್ಮ ವಿಎಂ ಲೂಪ್ ಒಳಗೆ ತಪ್ಪನ್ನು ಒಂದು ಸಾಮಾನ್ಯ ಹಿಂದಿರುಗಿಸುವ ಕೋಡ್ ಮಾಡಿ. ಸಾಲಿನ ಸಂಖ್ಯೆ, ವೇರಿಯಬಲ್ ಹೆಸರು, ಕನ್ನಡದ ಸಂದೇಶ ಜತೆಗೆ ಹೋಗಲಿ. ಲೂವಾ ಕೂಡ ಯಾವ ವೇರಿಯಬಲ್ ನಿಲ್ ಆಗಿತ್ತು ಅಂತ ಹೆಸರು ಹಿಡಿದು ಹೇಳುತ್ತದೆ. ಅಷ್ಟಾದರೂ ಬೇಕು.

ಬಂದರ್ ಬೈಟು (ಮಲ್ಪೆ)

ಹಾಗಾದರೆ ಗಡಿ ಹೀಗೆ ಬರೆಯುತ್ತೇನೆ, ನೋಡಿ ಹೇಳಿ. ಸಿ ಪ್ಲಸ್ ಪ್ಲಸ್ ಕಡೆಗೆ ಕಾಣುವುದು ನಾಲ್ಕೇ ಫಂಕ್ಷನ್. ಒಂದು ಮೆಮೊರಿ ತುಂಡು ಮತ್ತು ಆದೇಶದ ಮಿತಿ ತೆಗೆದುಕೊಂಡು ಯಂತ್ರ ತೆರೆಯುತ್ತದೆ. ಇನ್ನೊಂದು ನಿಯಮದ ಪಠ್ಯ ಓದಿ ಬೈಟ್‌ಕೋಡ್ ಮಾಡುತ್ತದೆ. ಮೂರನೆಯದು ಹೆಸರು ಹೇಳಿ ಒಂದು ಕೆಲಸ ಕರೆಯುತ್ತದೆ. ನಾಲ್ಕನೆಯದು ಕೊನೆಯ ತಪ್ಪಿನ ವಿವರ ಕೊಡುತ್ತದೆ. ಮುಚ್ಚುವ ಫಂಕ್ಷನ್ ಇಲ್ಲ, ಮೆಮೊರಿ ತುಂಡು ಕೊಟ್ಟವರದ್ದೇ. ಬೈಟ್‌ಕೋಡನ್ನು ಫೈಲ್ ಮಾಡಿ ಕಳಿಸುವುದಿಲ್ಲ, ಯಾವಾಗಲೂ ಪಠ್ಯದಿಂದಲೇ ಓದುವುದು.

ಸುರತ್ಕಲ್ ಸಂಜೆ

ಕೊನೆಯ ಸಾಲು ಬಿಡಬೇಡಿ. ಹೊರಗಿನ ಬೈಟ್‌ಕೋಡ್ ಒಪ್ಪಿಕೊಂಡರೆ ಅದು ಸರಿ ಉಂಟಾ ಅಂತ ಪರೀಕ್ಷಿಸುವ ಹೊರೆ ನಿಮ್ಮದು. ಲೂವಾದವರೇ 5.2ರಲ್ಲಿ ಆ ಪರೀಕ್ಷಕವನ್ನು ತೆಗೆದುಹಾಕಿದರು.

ದಕ್ಕೆ ಲೆಕ್ಕಿಗ

ಅರ್ಧ ಅರ್ಥವಾಯಿತು, ಉಳಿದದ್ದು ಮಗಳು ಹೇಳಿದಳು. ಒಂದು ಕೇಳುವುದು ಉಂಟು. 50000 ಅಂತ ಬರೆದರೆ ಸೊನ್ನೆ ಎಣಿಸಲಿಕ್ಕೆ ಕಷ್ಟ. 50,000 ಅಂತ ಕಾಮಾ ಹಾಕಿ ಬರೆಯಬಹುದಾ?

ಕಾಪು ಕಂಪೈಲರ್

ಸರ್, ಅಲ್ಲಿ ಸಿಕ್ಕಿಬೀಳುತ್ತದೆ. ‘ಕಮಿಷನ್(50,000)’ ಅಂದ್ರೆ 50 ಮತ್ತು 0 ಅಂತ ಎರಡು ಸಂಖ್ಯೆಯಾ, ಐವತ್ತು ಸಾವಿರವಾ? ಪಾರ್ಸರ್‌ಗೆ ಗೊತ್ತಾಗುವುದಿಲ್ಲ. ಜಾವಾ 7, ಪೈಥಾನ್ 3.6 ಇದಕ್ಕೇ ಅಂಡರ್‌ಸ್ಕೋರ್ ತಂದವು, 50_000 ಅಂತ. ಆದರೆ ಲೆಕ್ಕದ ಪುಸ್ತಕದಲ್ಲಿ ಹಾಗೆ ಯಾರೂ ಬರೆಯುವುದಿಲ್ಲ. ಬೈಟು, ಸಂಖ್ಯೆಯ ಪಕ್ಕ ‘ಸಾವಿರ’, ‘ಲಕ್ಷ’ ಬಂದರೆ ಗುಣಿಸಿಬಿಡುವ ಹಾಗೆ ಟೋಕನ್ ಹಂತದಲ್ಲೇ ಮಾಡಬಹುದಲ್ಲ?

ಬಂದರ್ ಬೈಟು (ಮಲ್ಪೆ)

ಮಾಡಬಹುದು. ‘1.5 ಲಕ್ಷ’ವನ್ನು ಮಾತ್ರ ಡಬಲ್ ಮಾಡದೆ, ಅಂಕಿಗಳನ್ನೇ ಓದಿ ನೇರ 150000 ಮಾಡಬೇಕು. ಕಾಮಾ ಹಾಕಿದ್ದು ಕಂಡರೆ, ಅದರ ನಂತರ ಜಾಗ ಬಿಡದೆ ಸರಿಯಾಗಿ ಮೂರು ಅಂಕಿ ಇದ್ದರೆ, ‘ಇಲ್ಲಿ 50 ಸಾವಿರ ಅಂತ ಬರೆಯಿರಿ’ ಅಂತ ತಪ್ಪು ತೋರಿಸುತ್ತೇನೆ. ಸರ್, ನಿಮ್ಮ ಆಫೀಸಿನ ನಿಯಮ ಒಂದೆರಡು ಕಾಗದದಲ್ಲಿ ಹೇಗೆ ಬರೆಯುತ್ತೀರೋ ಹಾಗೇ ಫೋಟೋ ತೆಗೆದು ಹಾಕುತ್ತೀರಾ? ಹೆಸರು, ಫೋನ್ ನಂಬರ್ ಅಳಿಸಿ ಹಾಕಿ. ಪಾರ್ಸರ್‌ನ ಮೊದಲ ಪರೀಕ್ಷೆ ಅದರ ಮೇಲೆಯೇ ಮಾಡುತ್ತೇನೆ.

ದಕ್ಕೆ ಲೆಕ್ಕಿಗ

ನಾಳೆ ಹಾಕುತ್ತೇನೆ. ಸಿಗಡಿ ಲೆಕ್ಕವೂ ಹಾಕುತ್ತೇನೆ, ಅದರಲ್ಲಿ ಕಿಲೋಗೆ ಎಷ್ಟು ತುಂಡು ಬರುತ್ತದೆ ಅಂತ ನೋಡಿ ದರ ಹಿಡಿಯುವುದು. ಅದನ್ನು ನಿಮ್ಮ ಭಾಷೆ ಮಾಡಿದರೆ ಒಪ್ಪುತ್ತೇನೆ.